ಅಳು ನಿಲ್ಲಿಸಿದ ಮಗುವಿನ ಪಕ್ಕದಲ್ಲಿ

‘ಬಂದು ಐದು ದಿನ ಆಯ್ತು ಸಾರ್, ಒಂದು ಸಲನೂ ಅತ್ತಿಲ್ಲ. ಕೊಟ್ಟಿದ್ದು ತಿನ್ನುತ್ತೆ, ಹೇಳಿದ ಕಡೆ ಕೂರುತ್ತೆ. ಬಹಳ ಒಳ್ಳೆ ಮಗು.’

ಬಾಲಮಂದಿರದಲ್ಲೋ ಆಸ್ಪತ್ರೆಯ ವಾರ್ಡಿನಲ್ಲೋ ಮಕ್ಕಳ ಕಲ್ಯಾಣ ಸಮಿತಿಯ ಹೊರಗಿನ ಬೆಂಚಿನ ಹತ್ತಿರವೋ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವರ ದನಿಯಲ್ಲಿ ನಿರಾಳವಿರುತ್ತದೆ. ಅವರನ್ನು ದೂರುವಂತಿಲ್ಲ, ಹತ್ತಾರು ಮಕ್ಕಳ ನಡುವೆ ಒಬ್ಬರೇ ಓಡಾಡುವವರಿಗೆ ಸುಮ್ಮನಿರುವ ಮಗು ದೇವರು ಕೊಟ್ಟ ವರ. ಆದರೂ ಆ ಮಾತು ಕೇಳಿದಾಗ ಎದೆಯಲ್ಲೊಂದು ಮುಳ್ಳು ಆಡಬೇಕು. ಆ ಮುಳ್ಳನ್ನು ನೆಡುವುದಕ್ಕೆಂದೇ ಸಮಾಜ ಕಾರ್ಯಕರ್ತರಿಗೆ ಈಗೊಂದು ತರಬೇತಿ ಇದೆ. ‘ಟ್ರಾಮಾ ಇನ್‌ಫಾರ್ಮ್ಡ್ ಕೇರ್’ ಎಂದು ಅದಕ್ಕೆ ಹೆಸರು. ಆಘಾತದ ಅರಿವುಳ್ಳ ಆರೈಕೆ ಎಂದುಕೊಳ್ಳೋಣ. ಹೆಸರು ಈಚಿನದು. ಬೇರು ಹುಡುಕುತ್ತ ಹೋದರೆ ಲಂಡನ್ನಿನ ಒಂದು ಬಾಯ್ಲರ್ ಕೋಣೆಗೆ ಬಂದು ನಿಲ್ಲುತ್ತೇವೆ.

1941. ನಗರದ ಮೇಲೆ ಜರ್ಮನ್ ಬಾಂಬುಗಳು ಬೀಳುತ್ತಿದ್ದ ಕಾಲ. ನಾತ್ಸಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದಿದ್ದ ಮನೋವಿಶ್ಲೇಷಕಿ ಆನಾ ಫ್ರಾಯ್ಡ್, ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಜೊತೆ ಸೇರಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ ಕಳೆದುಕೊಂಡ ಮಕ್ಕಳಿಗೆ ಆಶ್ರಯ ನಡೆಸುತ್ತಿದ್ದರು. ಅಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ, ಮುರಿದದ್ದನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದವನು ಗ್ಲಾಸ್ಗೊ ಸಮೀಪದ ದುಡಿಮೆಗಾರರ ಮನೆತನದ ಯುವಕ ಜೇಮ್ಸ್ ರಾಬರ್ಟ್‌ಸನ್. ಆನಾ ಅವರದೊಂದು ಕಟ್ಟಳೆ ಇತ್ತು: ಮನೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಮಕ್ಕಳ ಬಗ್ಗೆ ಕಂಡದ್ದನ್ನು ಕಾರ್ಡಿನಲ್ಲಿ ಬರೆಯಬೇಕು. ಬಾಯ್ಲರ್ ನೋಡಿಕೊಳ್ಳುವವನಿಗೂ ವಿನಾಯಿತಿ ಇರಲಿಲ್ಲ. ಅಭಿಪ್ರಾಯ ಬೇಡ, ಕಂಡದ್ದು ಸಾಕು.

ಹೀಗೆ ಕೂಡಿದ ಟಿಪ್ಪಣಿಗಳಿಂದ ಎದ್ದು ಬಂದ ಸಂಗತಿ ಆ ಕಾಲಕ್ಕೆ ಅನಿರೀಕ್ಷಿತ. ಬಾಂಬಿನ ಸದ್ದಿಗಿಂತ ತಾಯಿಯಿಂದ ದೂರವಾದದ್ದೇ ಹೆಚ್ಚಿನ ಮಕ್ಕಳನ್ನು ಆಳವಾಗಿ ಅಲುಗಿಸಿತ್ತು. ಪಕ್ಕದಲ್ಲಿ ಅಮ್ಮ ಗಟ್ಟಿಯಾಗಿ ಕೂತಿದ್ದರೆ ಮಗು ನೆಲಮಾಳಿಗೆಯಲ್ಲೂ ನಿದ್ದೆ ಹೋಗುತ್ತಿತ್ತು. ಇದು ತಿಳಿದ ಮೇಲೆ ಆ ಮನೆಯ ಪದ್ಧತಿಯನ್ನೇ ಬದಲಿಸಿದರು. ಎಲ್ಲ ಮಕ್ಕಳಿಗೂ ಎಲ್ಲ ದಾದಿಯರು ಎಂಬುದನ್ನು ಬಿಟ್ಟು, ಕೆಲವೇ ಮಕ್ಕಳಿಗೆ ಒಬ್ಬಳೇ ದಾದಿ ಎಂದು ಪುಟ್ಟ ‘ಕುಟುಂಬ’ಗಳನ್ನು ಮಾಡಿದರು. ಜಗಳ ಹೆಚ್ಚಿತು, ಅಸೂಯೆ ಹೆಚ್ಚಿತು, ಅಳುವೂ ಹೆಚ್ಚಿತು. ಜೊತೆಗೆ ಮಕ್ಕಳ ಬೆಳವಣಿಗೆ ಚುರುಕಾಯಿತು. ಹೊರಗಿನವರಿಗೆ ಇದು ಗಲಾಟೆ ಎನಿಸಿರಬೇಕು. ನನಗಂತೂ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಧೈರ್ಯದ ನಡೆ ಇದೇ ಅನಿಸುತ್ತದೆ: ಮಕ್ಕಳು ಮತ್ತೆ ಅಳುವುದಕ್ಕೆ ಆಸ್ಪದ ಮಾಡಿಕೊಟ್ಟದ್ದು.

ರಾಬರ್ಟ್‌ಸನ್ ಮುಂದೆ ಮನೋವೈದ್ಯಕೀಯ ಸಮಾಜ ಕಾರ್ಯ ಓದಿ, 1948ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಅವರ ಬಳಿ ಸೇರಿದರು. ಆಗಿನ ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ಮಗುವನ್ನು ದಾಖಲಿಸಿದ ಮೇಲೆ ತಂದೆತಾಯಿ ವಾರಕ್ಕೊಮ್ಮೆ ಒಂದೆರಡು ಗಂಟೆ ಬಂದು ನೋಡಬಹುದಿತ್ತು. ಕೆಲವೆಡೆ ಅದೂ ಇಲ್ಲ. ಬಂದರೆ ಮಗು ಅಳುತ್ತದೆ, ಬರದಿದ್ದರೆ ‘ಹೊಂದಿಕೊಳ್ಳುತ್ತದೆ’ ಎಂಬುದು ವೈದ್ಯರ ತರ್ಕ. (ನಮ್ಮ ಜಿಲ್ಲಾಸ್ಪತ್ರೆಗಳ ಮಕ್ಕಳ ವಾರ್ಡಿನಲ್ಲಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಅಮ್ಮಂದಿರನ್ನು ಕಂಡವರಿಗೆ ಇದು ನಂಬಲಾಗದ ಮಾತು. ಆ ಒಂದು ವಿಷಯದಲ್ಲಿ ನಮ್ಮ ಬಡ ವಾರ್ಡುಗಳೇ ಮುಂದಿದ್ದವು.) ವಾರ್ಡಿನಲ್ಲಿ ದಿನಗಟ್ಟಲೆ ಕೂತು ನೋಡಿದ ರಾಬರ್ಟ್‌ಸನ್‌ಗೆ ಮೂರು ಹಂತ ಕಂಡವು. ಮೊದಲು ಮಗು ಅತ್ತು ಕರೆಯುತ್ತದೆ. ಆಮೇಲೆ ಕುಗ್ಗುತ್ತದೆ. ಕೊನೆಗೆ ನಗುತ್ತದೆ, ಆಡುತ್ತದೆ, ಬಂದ ಅಮ್ಮನ ಕಡೆ ತಿರುಗಿಯೂ ನೋಡುವುದಿಲ್ಲ. ವೈದ್ಯರು ‘ಹೊಂದಿಕೊಂಡಿತು’ ಎನ್ನುತ್ತಿದ್ದದ್ದು ಈ ಎರಡನೆಯ, ಮೂರನೆಯ ಹಂತಗಳನ್ನು.

ಹೇಳಿದರೆ ಯಾರೂ ನಂಬಲಿಲ್ಲ. ಅದಕ್ಕೆ ರಾಬರ್ಟ್‌ಸನ್, ಅದುವರೆಗೆ ಸಿನಿಮಾ ಕ್ಯಾಮೆರಾ ಮುಟ್ಟದಿದ್ದವರು, ಒಂದು ಕೈಕ್ಯಾಮೆರಾ ಹಿಡಿದರು. ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಲಾರಾ ಎಂಬ ಹುಡುಗಿಯನ್ನು ಚಿತ್ರೀಕರಿಸಿದರು. ಬೇಕಾದ ಗಳಿಗೆಯನ್ನಷ್ಟೇ ಆಯ್ದುಕೊಂಡ ಎಂಬ ಆರೋಪ ಬರಬಾರದೆಂದು ದಿನದಿನವೂ ಮೊದಲೇ ಗೊತ್ತು ಮಾಡಿದ ವೇಳೆಗೇ ಚಿತ್ರೀಕರಣ. ಗೋಡೆಯ ಗಡಿಯಾರವೂ ಚೌಕಟ್ಟಿನೊಳಗೇ. ಲಾರಾ ಹೆಚ್ಚು ಅಳುವ ಮಗು ಅಲ್ಲ. ತುಟಿ ಬಿಗಿಹಿಡಿಯುತ್ತಾಳೆ, ಕರಡಿ ಬೊಂಬೆಯನ್ನು ಅವಚಿಕೊಳ್ಳುತ್ತಾಳೆ, ಮುಖ ದಿನೇದಿನೇ ಆರುತ್ತದೆ. ಮನೆಗೆ ಹೊರಟ ದಿನ ತನ್ನ ಸಾಮಾನುಗಳನ್ನೆಲ್ಲ ತೆಗೆದುಕೊಂಡಳು, ಅಮ್ಮ ಚಾಚಿದ ಕೈಯನ್ನು ಮಾತ್ರ ಹಿಡಿಯಲಿಲ್ಲ. 1952ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಸಭೆ ಸಿಟ್ಟಿಗೆದ್ದಿತು. ಏಳು ವರ್ಷದ ನಂತರ, ಸರ್ಕಾರಿ ಸಮಿತಿಯೊಂದರ 1959ರ ಪ್ಲ್ಯಾಟ್ ವರದಿ, ತಂದೆತಾಯಿಗೆ ವಾರ್ಡಿನ ಬಾಗಿಲು ತೆರೆದಿರಲಿ ಎಂದು ಶಿಫಾರಸು ಮಾಡಿತು.

ಮಗುವನ್ನು ನೋಡುವುದು ಹೀಗೆ ಬಂತು. ಕುಟುಂಬವನ್ನು ನೋಡುವ ಕಣ್ಣು ಕೊಟ್ಟವರು ಇನ್ನೊಬ್ಬ ಸಮಾಜ ಕಾರ್ಯಕರ್ತೆ, ಅಮೆರಿಕದ ಮಿಷಿಗನ್‌ನ ಸೆಲ್ಮಾ ಫ್ರೈಬರ್ಗ್. 1975ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ ಐದೂವರೆ ತಿಂಗಳ ಒಂದು ಹಸುಳೆಯ ಕಥೆ ಬರುತ್ತದೆ. ಮಗು ಕಿರುಚಿ ಅಳುತ್ತಿದೆ, ತೋಳಲ್ಲಿ ಎತ್ತಿಕೊಂಡಿರುವ ತಾಯಿಗೇ ಕೇಳಿಸುತ್ತಿಲ್ಲವೇನೋ ಎಂಬಂತಿದೆ. ‘ಎಂಥ ಹೆಂಗಸು!’ ಎಂದು ಫೈಲು ಮುಚ್ಚಬಹುದಿತ್ತು. ಫ್ರೈಬರ್ಗ್ ತಂಡ ಮಾಡಿದ್ದು ಬೇರೆ. ಈ ತಾಯಿಗೆ ಅಳು ಏಕೆ ಕೇಳಿಸುತ್ತಿಲ್ಲ ಎಂದು ಯೋಚಿಸಿತು. ಕಚೇರಿಗೆ ಕರೆಸದೆ ಮನೆಗೇ ಹೋಗಿ, ಅವಳ ಪಕ್ಕ ಕೂತು, ಚಿಕ್ಕವಳಿದ್ದಾಗ ಅವಳ ಅಳುವನ್ನು ಯಾರೂ ಕೇಳಿಸಿಕೊಂಡಿರಲಿಲ್ಲ ಎಂಬಲ್ಲಿಯವರೆಗೆ ತಲುಪಿತು. ಅವಳು ತನ್ನ ಬಾಲ್ಯಕ್ಕಾಗಿ ಅತ್ತಳು, ಸಂತೈಸುವವರು ಹತ್ತಿರವಿದ್ದರು. ಆಮೇಲೆ ಅವಳೇ ಮಗುವನ್ನು ಎತ್ತಿ ಎದೆಗಪ್ಪಿಕೊಳ್ಳತೊಡಗಿದಳು. ‘ಪೋಷಕರ ಕೌನ್ಸೆಲಿಂಗ್ ಮಾಡಲಾಗಿದೆ’ ಎಂದು ಒಂದೇ ಸಾಲು ಬರೆದು ಸಹಿ ಮಾಡುವ ನಾವು ಈ ಪ್ರಬಂಧವನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.

ಇದಾದ ಮೇಲೆ ಅಂಕಿಸಂಖ್ಯೆಗಳು ಬಂದವು. ಸ್ಯಾನ್ ಡಿಯೇಗೊದಲ್ಲಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದ ವಿನ್ಸೆಂಟ್ ಫೆಲಿಟಿ ಅವರಿಗೆ, ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುವುದು ಒಗಟಾಗಿತ್ತು. ಕೇಳುತ್ತ ಹೋದಂತೆ ಅವರಲ್ಲಿ ಅನೇಕರ ಬಾಲ್ಯದ ದೌರ್ಜನ್ಯ ಬಯಲಾಯಿತು. ರಾಬರ್ಟ್ ಆಂಡಾ ಜೊತೆ ಸೇರಿ 17,000ಕ್ಕೂ ಹೆಚ್ಚು ಜನರನ್ನು ಕೇಳಿದ ಅಧ್ಯಯನ 1998ರಿಂದ ಪ್ರಕಟವಾಗತೊಡಗಿತು. ವಿಮೆ ಇದ್ದ, ಬಹುಪಾಲು ಓದಿದ ಆ ಜನರಲ್ಲೂ ಸುಮಾರು ಮೂರರಲ್ಲಿ ಇಬ್ಬರ ಬಾಲ್ಯದಲ್ಲಿ ಒಂದಾದರೂ ಅಂಥ ಕಹಿ ಇತ್ತು. ಕಹಿಯ ಬಗೆಗಳು ಹೆಚ್ಚಿದಂತೆ ದೊಡ್ಡವರಾದಾಗಿನ ಕಾಯಿಲೆಗಳೂ ಹೆಚ್ಚುತ್ತಿದ್ದವು. 2000ದಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಆಘಾತಕ್ಕೆಂದೇ ರಾಷ್ಟ್ರೀಯ ಜಾಲವೊಂದಕ್ಕೆ ಅನುಮೋದನೆ ಕೊಟ್ಟಿತು. ಆ ಜಾಲ 2008ರಲ್ಲಿ ಮಕ್ಕಳ ಕಲ್ಯಾಣ ಸಿಬ್ಬಂದಿಗೆಂದು ತರಬೇತಿ ಸಾಮಗ್ರಿ ಹೊರತಂದಿತು.

ಸಾಕು ಪೋಷಕರಿಗೆಂದು ಅದೇ ಜಾಲ ಮಾಡಿದ ಪಾಠದಲ್ಲಿ ಬರುವ ಒಂದು ರೂಪಕ ನನ್ನನ್ನು ಬಿಟ್ಟಿಲ್ಲ: ಮಗು ಹೊಸ ಮನೆಗೆ ಬರುವಾಗ ಬಟ್ಟೆಯ ಚೀಲದ ಜೊತೆ ಕಣ್ಣಿಗೆ ಕಾಣದ ಪೆಟ್ಟಿಗೆಯೊಂದನ್ನೂ ತರುತ್ತದೆ. ಅದರೊಳಗೆ ತನ್ನ ಬಗ್ಗೆ, ದೊಡ್ಡವರ ಬಗ್ಗೆ, ಲೋಕದ ಬಗ್ಗೆ ಅದು ಕಲಿತದ್ದೆಲ್ಲ ಇದೆ. ದಿಂಬಿನ ಕೆಳಗೆ ಚಪಾತಿ ಬಚ್ಚಿಡುವ ಹುಡುಗನ ಪೆಟ್ಟಿಗೆಯಲ್ಲಿ ‘ನಾಳೆ ಊಟ ಸಿಗಲಿಕ್ಕಿಲ್ಲ’ ಎಂದಿದೆ. ಅದನ್ನು ಕಳ್ಳತನ ಎಂದು ಬರೆಯುವುದೋ ಹಸಿವಿನ ನೆನಪು ಎಂದು ಓದುವುದೋ, ತರಬೇತಿ ಇರುವುದು ಇಲ್ಲಿ. ಉಳಿದದ್ದೆಲ್ಲ ಸಣ್ಣ ಸಣ್ಣ ರೂಢಿಗಳು. ಮೊದಲು ಫೈಲು ಓದು. ಪೊಲೀಸರ ಮುಂದೆ, ಡಾಕ್ಟರ ಮುಂದೆ, ಸಮಿತಿಯ ಮುಂದೆ ಹೇಳಿ ದಣಿದ ಮಗುವಿನಿಂದ ಅದೇ ಕಥೆಯನ್ನು ಮತ್ತೆ ಹೇಳಿಸಬೇಡ. ಬಾಗಿಲು ಕಾಣುವಂತೆ ಕೂರಿಸು. ಮುಂದೆ ಏನಾಗುತ್ತದೆ, ಯಾರು ಬರುತ್ತಾರೆ ಎಂದು ಮೊದಲೇ ತಿಳಿಸು. ಬೆಲ್ಟಿನ ಸದ್ದಿಗೋ ಯಾವುದೋ ವಾಸನೆಗೋ ಮಗು ಬೆಚ್ಚಿದರೆ ಗದರಬೇಡ. ಅದರ ಮೈ ಇನ್ನೂ ಆ ಹಳೆಯ ದಿನದಲ್ಲೇ ಇದೆ. ಇವನ್ನೆಲ್ಲ ಕೇಳುತ್ತ ಕೇಳುತ್ತ ಕಾರ್ಯಕರ್ತರ ಮನಸ್ಸೂ ಗಾಯಗೊಳ್ಳುತ್ತದೆ ಎಂಬುದು 1990ರ ದಶಕದಲ್ಲಿ ಚಾರ್ಲ್ಸ್ ಫಿಗ್ಲಿ ಮೊದಲಾದವರು ಬರೆದ ಮೇಲೆ ಪಾಠದಲ್ಲಿ ಸೇರಿತು.

ಬೆಂಗಳೂರಿಗೆ ಈ ವಿಷಯ ಹೊರಗಿನಿಂದಷ್ಟೇ ಬಂದದ್ದಲ್ಲ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖವನ್ನು ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿ ದಾಖಲಿಸಿದರು. ಭೋಪಾಲದ ಅನಿಲ ದುರಂತದ ನಂತರ ಅದೇ ಸಂಸ್ಥೆಯವರು ಅಲ್ಲಿನ ವೈದ್ಯರಿಗೆ ಮನಸ್ಸಿನ ಆರೈಕೆ ಕಲಿಸಿದರು. ಒಡಿಶಾದ ಚಂಡಮಾರುತ, ಗುಜರಾತಿನ ಭೂಕಂಪ, 2004ರ ಸುನಾಮಿಯ ಹೊತ್ತಿಗೆ ಕಲಿಯುವವರೇ ಬದಲಾಗಿದ್ದರು. ಊರಿನ ಸಾಮಾನ್ಯ ಕಾರ್ಯಕರ್ತರನ್ನೇ ತಯಾರು ಮಾಡುವ ಹೊಣೆಯನ್ನು ನಿಮ್ಹಾನ್ಸಿನ ಮನೋವೈದ್ಯಕೀಯ ಸಮಾಜ ಕಾರ್ಯ ವಿಭಾಗ ಹೊತ್ತಿತು. 2012ರ ಪೋಕ್ಸೊ ಕಾಯ್ದೆ ಈ ಅರಿವನ್ನು ಕಾನೂನಿನ ಭಾಷೆಗೆ ತಂದಿತು: ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಆರೋಪಿಯ ಕಣ್ಣಿಗೆ ಮಗು ಬೀಳಬಾರದು, ನ್ಯಾಯಾಲಯಕ್ಕೆ ಪದೇಪದೇ ಕರೆಸಬಾರದು. 2020ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ನಿಮ್ಹಾನ್ಸಿನಲ್ಲೇ ‘ಸಂವಾದ್’ ಶುರುವಾಯಿತು. ಮಕ್ಕಳ ರಕ್ಷಣೆಯಲ್ಲಿ ಕೆಲಸ ಮಾಡುವ ದೇಶದ ನಾನಾ ಭಾಗದವರಿಗೆ ಅದು ತರಬೇತಿ ಕೊಡುತ್ತದೆ.

ಅಲ್ಲಿ ಬೆಳೆದ ಪಾಠಕ್ರಮ ಆರಂಭವಾಗುವುದು ಕಾನೂನಿನ ಕಲಮುಗಳಿಂದಲ್ಲ. ಬಂದವರು ಕಣ್ಣು ಮುಚ್ಚಿ ತಮ್ಮ ಬಾಲ್ಯದ ಒಂದು ನೆನಪಿಗೆ ಹೋಗಬೇಕು. ಆಮೇಲೆ ಮಗುವಿನ ವರ್ತನೆ ಕಂಡಾಗ ಮೂರು ಸಂಗತಿ ಹುಡುಕಲು ಕಲಿಸುತ್ತಾರೆ: ಅದು ಬೆಳೆದ ಸಂದರ್ಭ, ಪಟ್ಟ ಅನುಭವ, ಆ ಅನುಭವ ಒಳಗೆ ಉಳಿಸಿದ ದನಿ. ಇಂಥದ್ದು ಬ್ಯಾನರ್ ಕಟ್ಟಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿ ಪ್ರಮಾಣಪತ್ರ ಹಂಚುವ ಕಾರ್ಯಾಗಾರದಲ್ಲಿ ಬರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಹಿರಿಯರೊಬ್ಬರ ಜೊತೆ ಕೂತು ‘ಈ ಮಗುವಿನ ವಿಷಯದಲ್ಲಿ ನನಗೆ ದಾರಿ ಕಾಣುತ್ತಿಲ್ಲ’ ಎಂದು ಹೇಳಿಕೊಳ್ಳುವ ಜಾಗ ಬೇಕು. ಆ ಜಾಗ ಸಿಗುವುದು ಕಷ್ಟ. ಹುದ್ದೆಗಳು ಗುತ್ತಿಗೆಯವು, ಕಲಿತವರು ಬಿಟ್ಟು ಹೋಗುತ್ತಾರೆ, ಮಗುವಿನ ಮುಂದೆ ಮತ್ತೊಂದು ಹೊಸ ಮುಖ ಬಂದು ಕೂರುತ್ತದೆ. ಆನಾ ಫ್ರಾಯ್ಡ್ ತಪ್ಪಿಸಲು ಹೆಣಗಿದ್ದು ಇದನ್ನೇ.

ಲಾರಾಳ ಕಥೆಗೆ ಒಂದು ಬಾಲ ಇದೆ. ಮನೆಗೆ ಮರಳಿದ ಮೇಲೆ ಅವಳು ಮತ್ತೆ ನಗುತ್ತ ಆಡುತ್ತ ಬೆಳೆಯುತ್ತಿದ್ದಳು. ಆರು ತಿಂಗಳ ನಂತರ ತಂದೆತಾಯಿಗೆ ಆ ಚಿತ್ರ ತೋರಿಸುತ್ತಿದ್ದಾಗ, ನಿದ್ದೆಯಲ್ಲಿರಬೇಕಾಗಿದ್ದ ಹುಡುಗಿ ಎದ್ದು ಬಂದು ಕೊನೆಯ ತುಣುಕನ್ನು ನೋಡಿಬಿಟ್ಟಳು. ಅಷ್ಟೂ ದಿನ ನೀನೆಲ್ಲಿದ್ದೆ ಎಂದು ಅಮ್ಮನನ್ನು ಸಿಟ್ಟಿನಿಂದ ಕೇಳಿದಳು. ಜೋರಾಗಿ ಅತ್ತಳು. ಅಪ್ಪನ ಕಡೆ ತಿರುಗಿ ಅವನ ಹತ್ತಿರ ಹೋದಳು.