ಒಡೆದ ಮಡಕೆಗೊಂದು ಕಪಾಟು ಕೊಡಿ

‘ಕಪ್ಪು–ಕೆಂಪು ಮಡಕೆ ಯಾವ ಸಂಸ್ಕೃತಿಗೆ ಸೇರಿದ್ದು?’ ಎಂದು ಪರೀಕ್ಷೆಯಲ್ಲಿ ಕೇಳಿದರೆ ಇತಿಹಾಸ ಓದುವ ನಾವು ಥಟ್ಟನೆ ‘ಬೃಹತ್ ಶಿಲಾ ಸಂಸ್ಕೃತಿ’ ಎಂದು ಬರೆಯುತ್ತೇವೆ. ಅದೇ ಮಡಕೆಯ ಎರಡು ಬೆರಳಗಲದ ಚೂರನ್ನು ಕೈಗಿಟ್ಟರೆ ಸುಮ್ಮನಾಗುತ್ತೇವೆ. ಪದವಿ ಮುಗಿಸಿದರೂ ಅಂಥದ್ದೊಂದನ್ನು ಮುಟ್ಟಿ ನೋಡದವರೇ ನಮ್ಮಲ್ಲಿ ಹೆಚ್ಚು. ಆದರೆ ಉತ್ಖನನದಲ್ಲಿ ಇಡೀ ಮಡಕೆ ಸಿಗುವುದು ಅಪರೂಪ, ಸಿಗುವುದೆಲ್ಲ ಚೂರುಗಳೇ.

ಒಂದು ಚೂರು ಏನು ಮಾಡಬಲ್ಲದು? ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆಸಿದಾಗ, ಒಳಭಾಗದಲ್ಲಿ ಸುತ್ತು ಸುತ್ತಾಗಿ ಗೀರುಗಳಿದ್ದ ತಟ್ಟೆಯ ಚೂರುಗಳು ಸಿಕ್ಕವು. ಕಾಲ ತಿಳಿದಿದ್ದ ಇಟಲಿಯ ಮಡಕೆ ಚೂರುಗಳೂ ಅಲ್ಲಿದ್ದವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಬಗೆಯ ತಟ್ಟೆ ಚೂರು ಸಿಕ್ಕಿದ್ದೇ ತಡ, ಆ ಪದರಕ್ಕೊಂದು ಕಾಲ ಗೊತ್ತಾಯಿತು. ಇಲ್ಲಿನ ಚೂರನ್ನು ಅಲ್ಲಿನ ಚೂರಿನ ಪಕ್ಕ ಇಟ್ಟು ನೋಡಬಲ್ಲವರಿದ್ದದ್ದರಿಂದ ಇದು ಸಾಧ್ಯವಾಯಿತು.

ಹೋಲಿಕೆ ತಪ್ಪಿದರೂ ಕಷ್ಟವೇ. ನಮ್ಮ ತಟ್ಟೆಯ ಮುದ್ದೆಯನ್ನೇ ನೋಡಿ. ರಾಗಿ ಆಫ್ರಿಕಾ ಮೂಲದ ಬೆಳೆ. ಅದು ನಮ್ಮಲ್ಲಿಗೆ ಯಾವಾಗ ಬಂತೆಂದು ತಿಳಿಯಲು ಉತ್ಖನನಗಳಲ್ಲಿ ಸಿಗುವ ಸುಟ್ಟ ಕಾಳುಗಳೇ ಆಧಾರ. ಹಿಂದೆ ‘ರಾಗಿ’ ಎಂದು ಗುರುತಿಸಿದ್ದ ಹಲವು ಕಾಳುಗಳನ್ನು ನಂತರದ ತಜ್ಞರು ಪ್ರಶ್ನಿಸಿದರು, ಬೇರೆ ಕಿರುಧಾನ್ಯಗಳಿರಬಹುದೆಂದರು. ಸುಟ್ಟ ಕಾಳು ಆಕಾರ ಕೆಡುತ್ತದೆ. ಪಕ್ಕದಲ್ಲಿ ಸರಿಯಾದ ಮಾದರಿ ಇಲ್ಲದಿದ್ದರೆ ಕಣ್ಣು ಮೋಸ ಹೋಗುತ್ತದೆ.

ಇದಕ್ಕೇ ಬೇಕಿರುವುದು ರೆಫರೆನ್ಸ್ ಕಲೆಕ್ಷನ್, ಅಂದರೆ ಹೋಲಿಸಿ ನೋಡಲು ಇಟ್ಟುಕೊಂಡ ಮಾದರಿಗಳ ಸಂಗ್ರಹ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ಮುಟ್ಟುವಂತಿಲ್ಲ. ಇದನ್ನು ಮುಟ್ಟಲೆಂದೇ ಮಾಡುವುದು.

‘ಪ್ರಾಚೀನ ವಸ್ತು ನಮಗೆಲ್ಲಿ ಸಿಗುತ್ತೆ?’ ಎಂದು ಕೇಳಬೇಡಿ. ಸಂರಕ್ಷಿತ ತಾಣದಿಂದ ಒಂದು ಚೂರನ್ನೂ ಜೇಬಿಗಿಳಿಸಬಾರದು. ನೂರು ವರ್ಷ ದಾಟಿದ ಪುರಾವಸ್ತುಗಳಿಗೆ 1972ರ ಕಾಯ್ದೆಯ ಕಾವಲಿದೆ. ನೆಲದಿಂದ ಎತ್ತಿದ ಚೂರು ತಾನಿದ್ದ ಜಾಗದ ಕಥೆಯನ್ನೂ ಕಳೆದುಕೊಳ್ಳುತ್ತದೆ. ಕಲಿಯಲು ಹೊಸ ವಸ್ತುವೇ ಸಾಕು, ಅದರ ಪೂರ್ತಿ ವಿವರ ಗೊತ್ತಿರಬೇಕಷ್ಟೆ.

ಕುಂಬಾರರ ಬಳಿ ಹೋಗಿ ನಾಲ್ಕು ಮಡಕೆ ಕೊಳ್ಳಿ. ಮಣ್ಣು ಯಾವ ಕೆರೆಯದು, ಅದಕ್ಕೆ ಏನು ಬೆರೆಸಿದರು, ತಿಗರಿಯಲ್ಲಿ ಎಷ್ಟು ಭಾಗ ಮಾಡಿದರು, ಮರದ ಹಲಗೆಯಿಂದ ಎಲ್ಲಿ ತಟ್ಟಿದರು ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಒಡೆಯಿರಿ. ಬಾಯಂಚು, ಕಂಠ, ಹೊಟ್ಟೆ, ತಳವನ್ನು ಬೇರೆ ಬೇರೆ ಇಡಿ. ತಿಗರಿಯ ಗೆರೆ ಹೇಗಿರುತ್ತದೆ, ತಟ್ಟಿದ ಗುರುತು ಹೇಗಿರುತ್ತದೆ, ಗಾಳಿ ತಾಗದೆ ಬೆಂದ ಮಣ್ಣು ಏಕೆ ಕಪ್ಪಾಗುತ್ತದೆ ಎಂಬುದೆಲ್ಲ ಒಂದು ಭೂತಗನ್ನಡಿಯಲ್ಲಿ ಕಾಣುತ್ತದೆ.

ಕಾಳಿಗಂತೂ ನಮ್ಮ ಕಡೆ ಬರವಿಲ್ಲ. ನಮ್ಮ ಯಲಿಯೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ಮಂಡ್ಯಕ್ಕೋ ಮೈಸೂರಿಗೋ ಓದಲು ಹೋಗುವವರು ಮನೆಯಿಂದ ಒಂದೊಂದು ಹಿಡಿ ರಾಗಿ, ಹುರುಳಿ, ಹೆಸರುಕಾಳು ತಂದರೆ ಸಾಕು. ಅರ್ಧವನ್ನು ಹಾಗೇ ಇಡಿ. ಉಳಿದರ್ಧವನ್ನು ಡಬ್ಬಿಯಲ್ಲಿ ಮರಳಿನೊಳಗೆ ಹುದುಗಿಸಿ, ಇದ್ದಿಲಾಗುವವರೆಗೆ ಕಾಯಿಸಿ ಪಕ್ಕದಲ್ಲಿಡಿ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು ಎರಡೂ ಸಿಕ್ಕಿವೆ.

ಪ್ರತಿ ಮಾದರಿಗೂ ನಂಬರ್ ಇರಲಿ. ಎಲ್ಲಿಯದು, ಯಾರು ಯಾವಾಗ ತಂದರು ಎಂಬುದು ರಿಜಿಸ್ಟರಿನಲ್ಲಿರಲಿ. ಚೀಟಿ ಕಳೆದುಕೊಂಡ ಮಾದರಿ ಬರೀ ಕಸ.

ಇದರಿಂದ ಕೆಲಸ ಸಿಗುತ್ತದೆಯೇ? ಕಪಾಟು ಕೆಲಸ ಕೊಡುವುದಿಲ್ಲ. ಆದರೆ ಪುರಾತತ್ವಕ್ಕೆ ಯುಜಿಸಿ–ನೆಟ್ ಇದೆ, ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ, ಪುಣೆಯ ಡೆಕ್ಕನ್ ಕಾಲೇಜಿದೆ. ಅಲ್ಲಿಗೆ ಹೋಗುವ ಹಳ್ಳಿಯ ಹುಡುಗ–ಹುಡುಗಿ ಮೊದಲ ಚೂರನ್ನು ಅಲ್ಲೇ ಕಾಣುವಂತಾಗಬಾರದು.

ನಿಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಖಾಲಿ ಕಪಾಟೊಂದು ಇದ್ದೇ ಇರುತ್ತದೆ. ಈ ವಾರ ಮೇಷ್ಟ್ರನ್ನು ಕೇಳಿ ಅದರ ಬೀಗದ ಕೈ ಪಡೆಯಿರಿ.