ಮಳೆ ನಿಂತ ಮೇಲೂ ಗುಡ್ಡ ಜಾರುತ್ತದೆ

ಶ್ರಾವಣ ಬಂತೆಂದರೆ ಕೊಟ್ಟೂರು, ಹರಪನಹಳ್ಳಿ, ಹಡಗಲಿ ಕಡೆಯಿಂದ ಧರ್ಮಸ್ಥಳಕ್ಕೆ, ಕುಕ್ಕೆಗೆ ಹೊರಡುವ ಗಾಡಿಗಳು ಹೆಚ್ಚುತ್ತವೆ. ನಮ್ಮಲ್ಲಿ ಆಗ ಮೋಡ ಮುಸುಕಿ ನಾಲ್ಕು ಹನಿ ಉದುರಿದರೆ ಅದೇ ದೊಡ್ಡದು. ಘಟ್ಟದಲ್ಲಿ ಮಾತ್ರ ತಿಂಗಳಿಂದ ಬಿಡದೆ ಸುರಿದ ಮಳೆಗೆ ನೆಲ ನೀರು ಕುಡಿದು ತುಂಬಿರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಕೂಡ್ಲಿಗಿಯವರಿಗೆ, 7,000 ದಾಟುವ ಆಗುಂಬೆಯ ಗುಡ್ಡ ಹೇಗೆ ನಡೆದುಕೊಳ್ಳುತ್ತದೆಂದು ಊಹಿಸುವುದು ಕಷ್ಟ. ಅದಕ್ಕೇ ‘ಘಾಟ್ ಬಂದ್’ ಎಂಬ ಸುದ್ದಿ ಬಂದಾಗ ನಮ್ಮ ಚಹಾದಂಗಡಿಗಳಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಒರೆಗೆ ಹಚ್ಚಲೇಬೇಕು. ಅವನ್ನು ನಂಬಿ ಹೊರಟವರ ಪ್ರಾಣದ ಪ್ರಶ್ನೆ ಇದು.

ಮೊದಲನೆಯ ಮಾತು: ‘ಬಂಡೆ ಉರುಳಿ ರಸ್ತೆ ಮುಚ್ಚಿದೆ.’ ಹೀಗೆಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಗುಡೇಕೋಟೆಯ ಗುಂಡುಗಳು. ಒಂದರ ಮೇಲೊಂದು ಕೂತ ಆ ಗುಂಡುಗಳು ಇಂದೋ ನಾಳೆಯೋ ಬೀಳುವಂತೆ ಕಾಣುತ್ತವೆ. ನಿಜದಲ್ಲಿ ಅವು ನೆಲೆ ಕಂಡವು. ರಾಮನಗರದಿಂದ ಹಂಪಿಯವರೆಗೆ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿಯ ಭಾಗ ಅವು. ನೆಲದೊಳಗೇ ಸೀಳುಗಳ ಗುಂಟ ಸವೆದು ದುಂಡಾಗಿ, ಸುತ್ತಲಿನ ಮಣ್ಣು ಕೊಚ್ಚಿಹೋದ ಮೇಲೆ ಹೊರಗೆ ಕಂಡಿವೆ. ಬೀಳಬೇಕಾದವು ಬಹುಪಾಲು ಎಂದೋ ಬಿದ್ದಾಗಿದೆ.

ಘಟ್ಟದಲ್ಲಿ ಕಲ್ಲು ಉರುಳುವುದಿಲ್ಲವೆಂದಲ್ಲ. ಆದರೆ ರಸ್ತೆ ಮುಚ್ಚುವುದು ಹೆಚ್ಚಾಗಿ ಮಣ್ಣು. ಅಲ್ಲಿ ಮುರಕಲ್ಲಿನ ಕೆಳಗೆ ಬಿಳಿ, ತಿಳಿಗುಲಾಬಿ ಬಣ್ಣದ ನುಣ್ಣನೆಯ ಜೇಡಿ ಇರುತ್ತದೆ. ಕರಾವಳಿಯವರು ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಗುದ್ದಲಿಗೂ ಜಗ್ಗದಷ್ಟು ಗಟ್ಟಿ; ನೀರು ತುಂಬಿದರೆ ಹಿಡಿತವೇ ಇಲ್ಲ. ಬೇಸಿಗೆಯಲ್ಲಿ ಗೋಡೆಯಂತೆ ನೆಟ್ಟಗೆ ನಿಂತಿದ್ದ ಧರೆ ಆಷಾಢದಲ್ಲಿ ಕೆಸರಾಗಿ ಇಳಿಯುವುದು ಹೀಗೆ. ಬಂಡೆಗಳು ಆ ಕೆಸರಿನ ಜೊತೆಗೆ ಬರುತ್ತವೆ, ಅಷ್ಟೆ.

‘ಎಲ್ಲ ಮಳೆಯಿಂದ ಆದದ್ದು’ ಎನ್ನುವುದು ಎರಡನೆಯ ಮಾತು. ಇದು ಅರ್ಧ ಸತ್ಯ, ಆ ಅರ್ಧದ ಹಿಂದೆ ದೊಡ್ಡ ತಪ್ಪು ಅಡಗಿಕೊಳ್ಳುತ್ತದೆ. ಘಟ್ಟದಲ್ಲಿ ಸಾವಿರಾರು ವರ್ಷಗಳಿಂದ ಮಳೆ ಸುರಿದಿದೆ. ಗುಡ್ಡಗಳು ಅದಕ್ಕೆ ತಕ್ಕ ಇಳಿಜಾರು ಕಂಡುಕೊಂಡಿವೆ. ಕಣದಲ್ಲಿ ಜೋಳದ ರಾಶಿಯ ಬುಡಕ್ಕೆ ಕೈ ಹಾಕಿದರೆ ಮೇಲಿನದು ಸರ್ರನೆ ಇಳಿಯುತ್ತದಲ್ಲ, ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದರೂ ಅದೇ ಆಗುವುದು.

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಗ್ಗೆ ಆದದ್ದನ್ನು ನೋಡಿ. ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥಕ್ಕೆಂದು ಬುಡ ಕಡಿದಿದ್ದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ದಣಿವಾರಿಸಿಕೊಳ್ಳಲು ನಿಂತಿದ್ದ ಗಾಡಿಗಳು ಮಣ್ಣಿನ ಪಾಲಾದವು. ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ತಳ್ಳಲ್ಪಟ್ಟಿತು. ಮಣ್ಣು ಒಮ್ಮೆಲೇ ನದಿಗೆ ನುಗ್ಗಿದ ರಭಸಕ್ಕೆ ಎದ್ದ ಅಲೆ, ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಕೇರಳದ ಲಾರಿಯೊಂದು ಚಾಲಕನ ಶವದೊಂದಿಗೆ ನದಿಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಹೊಸಪೇಟೆ ಸೀಮೆಯಿಂದ ಬೇಲೆಕೇರಿ ಬಂದರಿಗೆ ಅದಿರು ಸಾಗಿಸಿದ ಲಾರಿಯವರಿಗೆ ಅಂಕೋಲಾ ಹೊಸ ಊರಲ್ಲ. ಧರೆಯ ಕೆಳಗಿನ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸುವುದು ನಮ್ಮವರಿಗೂ ರೂಢಿಯೇ.

ಕಡಿಮೆ ಮಳೆಯ ನಾವೂ ಪೂರ್ತಿ ಹೊರತಲ್ಲ. ಹೊಸಪೇಟೆ ಬಳಿ ಸುರಂಗ ಹೊಕ್ಕು ಬರುವ ರಾಷ್ಟ್ರೀಯ ಹೆದ್ದಾರಿ 50 ಆಗಲಿ, ಯಾವುದೇ ಕ್ವಾರಿಯಾಗಲಿ, ಕಡಿದ ಬಂಡೆಯ ಸೀಳುಗಳು ರಸ್ತೆಯ ಕಡೆಗೆ ವಾಲಿದ್ದರೆ ಕಲ್ಲು ಜಾರಲು ಮುಸಲಧಾರೆ ಬೇಕಿಲ್ಲ. ಗುಂಡುಗಳು ತಾವಾಗಿ ಕಂಡುಕೊಂಡ ನೆಲೆ ಬೇರೆ, ನಾವು ಸಿಡಿಮದ್ದು ಇಟ್ಟು ಬಿಡಿಸಿದ ಮುಖ ಬೇರೆ.

ಎಲ್ಲಕ್ಕಿಂತ ಅಪಾಯದ ಮಾತು ಮುಂದಿನದು: ‘ಮಳೆ ಬಿಟ್ಟಿದೆ, ಇನ್ನು ಹೊರಡಬಹುದು.’ ಆಕಾಶ ತಿಳಿಯಾದ ಗಳಿಗೆಗೆ ಗುಡ್ಡ ಒಣಗುವುದಿಲ್ಲ. ಮೇಲೆ ಬಿದ್ದ ನೀರು ನಿಧಾನಕ್ಕೆ ಇಳಿದು, ಮಣ್ಣು ಬಂಡೆಗೆ ತಾಗುವ ಜಾಗದಲ್ಲಿ ಸೇರಿ ಒತ್ತಡ ಕಟ್ಟುತ್ತದೆ. ಇದಕ್ಕೆ ಗಂಟೆಗಳು ಹಿಡಿಯಬಹುದು, ದಿನಗಳೂ ಹಿಡಿಯಬಹುದು. ಬಿಸಿಲು ಬಂದ ಮಧ್ಯಾಹ್ನವೂ ಧರೆ ಕುಸಿಯಬಲ್ಲದು.

ಮರ ದಟ್ಟವಾಗಿದ್ದರೆ ಭಯವಿಲ್ಲ ಎನ್ನುವವರಿಗೂ ಒಂದು ಮಾತು. ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ, ಕಾಡು ಕಡಿದಲ್ಲಿ ಅಪಾಯ ಹೆಚ್ಚುತ್ತದೆ, ಇವೆರಡೂ ಖರೆ. ಆದರೆ ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಮರಗಳೂ ಗುಡ್ಡದ ಜೊತೆಗೇ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜಾರಿ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದಾಗ ನೆರಳುಮರಗಳ ಸಮೇತ ಕಾಫಿ ತೋಟಗಳೇ ಇಳಿದವು.

‘ಜೆಸಿಬಿ ಬಂತು, ಮಣ್ಣು ತೆಗೆದರು, ಮುಗೀತು’ ಎಂಬುದೂ ಸರಿಯಲ್ಲ. ಕೆಳಗೆ ಬಿದ್ದ ಮಣ್ಣೇ ಎಷ್ಟೋ ಸಲ ಮೇಲಿನದಕ್ಕೆ ಆಸರೆ. ಅದನ್ನು ಬಾಚಿದರೆ ಮೇಲಿನದು ಮತ್ತೆ ಇಳಿಯುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಶಿರಾಡಿ ಹೆದ್ದಾರಿಯಲ್ಲಿ ಮಣ್ಣು ಮತ್ತೆ ಮತ್ತೆ ಕುಸಿದು ಸಂಚಾರ ನಿಂತದ್ದನ್ನು ನೆನೆಯಿರಿ. ತಡೆಗೋಡೆ ಕಟ್ಟಿದರೂ ಹಿಂದಿನ ನೀರು ಹೊರಬರಲು ತೂತುಗಳಿಲ್ಲದಿದ್ದರೆ, ಗುಡ್ಡದ ನೆತ್ತಿಯಲ್ಲಿ ಚರಂಡಿ ಇಲ್ಲದಿದ್ದರೆ ಗೋಡೆಯೂ ಮಲಗುತ್ತದೆ. ಹಣ ಮೊದಲು ಹೋಗಬೇಕಾದ್ದು ನೀರಿನ ದಾರಿಗೆ.

ಶಿರಾಡಿ ಮುಚ್ಚಿದರೆ ಚಾರ್ಮಾಡಿ ಇದೆಯಲ್ಲ ಎನ್ನಬೇಡಿ. ಎರಡೂ ಇರುವುದು ಒಂದೇ ಮಳೆಯ ಕೆಳಗೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯೇ ಹಲವೆಡೆ ಕುಸಿದು, ದೊಡ್ಡ ಗಾಡಿಗಳಿಗೆ ಬಹುಕಾಲ ಮುಚ್ಚಿತ್ತು. ಮೊಬೈಲಿನ ನಕಾಶೆ ತೋರಿಸುವ ಹತ್ತಿರದ ದಾರಿಯನ್ನು ನೆಚ್ಚದೆ ಆಯಾ ಜಿಲ್ಲಾಧಿಕಾರಿಯ ಆದೇಶ ನೋಡಿ ಹೊರಡಿ.

ಹಗಲು ಹೊತ್ತಿನಲ್ಲೇ ಇಳಿಯಿರಿ. ಧರೆಯಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ತಿಳಿಯಾಗಿದ್ದ ಝರಿ ಒಮ್ಮೆಲೇ ಕೆಂಪಾದರೆ ಇಲ್ಲವೇ ನಿಂತುಹೋದರೆ, ಡಾಂಬರಿನಲ್ಲಿ ಹೊಸ ಬಿರುಕು ಕಂಡರೆ ಅಲ್ಲಿ ನಿಲ್ಲಬೇಡಿ, ಫೋಟೊ ತೆಗೆಯಲೂ ಇಳಿಯಬೇಡಿ. ಮುಂದೆ ಗಾಡಿಗಳ ಸಾಲು ನಿಂತಿದ್ದರೆ ಕಡಿದ ಧರೆಯ ಕೆಳಗೆ ಹೋಗಿ ಸಾಲು ಸೇರದೆ, ಕೊಟ್ಟಿಗೆಹಾರದಲ್ಲೋ ಮೂಡಿಗೆರೆಯಲ್ಲೋ ರಾತ್ರಿ ಕಳೆದು ಬೆಳಗ್ಗೆ ವಿಚಾರಿಸಿಕೊಂಡು ಹೊರಡಿ.