ಒಂದೇ ತರಂಗ, ಒಂದೇ ಸರದಿ
ಬಸವನ ಬಾಗೇವಾಡಿಯ ನಮ್ಮ ಗೆಳೆಯರು ಪಿಡಿಒ, ಪಿಎಸ್‌ಐ ಎಂದು ಓದುತ್ತಾರೆ. ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕ ಆಗುತ್ತೇನೆ ಎಂದವರು ಸಿಕ್ಕಿಲ್ಲ. ಬುರಣಾಪುರದಲ್ಲಿ ವಿಮಾನ ನಿಲ್ದಾಣ ಬಂದರೂ ನಾವು ನೋಡುವುದು ವಿಮಾನವನ್ನೇ!

ಪೈಲಟ್‌ಗಳೂ ನಿಯಂತ್ರಕರೂ ಒಂದೇ ರೇಡಿಯೊ ತರಂಗಾಂತರದಲ್ಲಿ ಸರದಿಯಂತೆ ಮಾತಾಡಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವವರಿಗೆ ಕೀರಲು ಸದ್ದಷ್ಟೇ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫ್ ದ್ವೀಪದಲ್ಲಿ ಆದದ್ದು ಇದೇ. ದಟ್ಟ ಮಂಜು. ಅನುಮತಿ ಸಿಕ್ಕಿತೆಂದುಕೊಂಡು ಕೆಎಲ್‌ಎಂ ವಿಮಾನ ಓಟ ಶುರು ಮಾಡಿತ್ತು. 'ಕಾಯಿರಿ' ಎಂದ ನಿಯಂತ್ರಕರ ಮಾತು, 'ಇನ್ನೂ ರನ್‌ವೇಯಲ್ಲಿದ್ದೇವೆ' ಎಂದ ಪ್ಯಾನ್ ಆಮ್ ಪೈಲಟ್ ಮಾತು ಒಂದಕ್ಕೊಂದು ಬಡಿದವು. 583 ಜನ ಸತ್ತರು.

ಆಮೇಲೆ 'ಟೇಕಾಫ್' ಪದವನ್ನು ನಿಜವಾದ ಅನುಮತಿಗಷ್ಟೇ ಮೀಸಲಿಟ್ಟರು. ಪೈಲಟ್ ಆ ಅನುಮತಿಯನ್ನು ತಿರುಗಿ ಹೇಳಬೇಕು, ನಿಯಂತ್ರಕ ಕಿವಿಗೊಟ್ಟು ತಾಳೆ ನೋಡಬೇಕು.

ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿಯವರೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಈ ಹುದ್ದೆಗೆ ಅರ್ಜಿ ಹಾಕಬಹುದು. ಪರೀಕ್ಷೆ ಪಾಸಾದ ಮೇಲೆ ದನಿ ಪರೀಕ್ಷೆಯೂ ಇದೆ.